ಸೋತ ಹುಂಜದ ಊಟ

ತಿಬುರ್ಸ್ಯೊನ ಕೈ ಅವನ ಬಾಯಿಗಿಂತ ಮುಂದೆ. ಬತಾಂಗಾಸ್ ಹೆದ್ದಾರಿಯ ಪಕ್ಕದ ಅವನ ತಗಡಿನ ಖಾನಾವಳಿಯಲ್ಲಿ ಉಂಡವರೆಲ್ಲ ಇದನ್ನು ಬಲ್ಲರು. ಹದಿನೆಂಟು ವರ್ಷ ಕಸಾಯಿಖಾನೆಯಲ್ಲಿ ಹಂದಿ ಕಡಿದ ಆಳು. ಅನ್ನದ ಜೊತೆ ಬಿಟ್ಟಿ ಕೊಡುವ ಮೂಳೆ ಸಾರನ್ನು ಪಾತ್ರೆ ತೊಳೆದ ನೀರು ಎಂದ ಬಸ್ ಕಂಡಕ್ಟರನ ದವಡೆ ಮುರಿದಿದ್ದ. ಮೀನು ಹಳಸಿದೆ ಎಂದ ಲಾರಿ ಚಾಲಕನ ಕಿವಿಯನ್ನು ಸೌಟಿನಿಂದ ಹರಿದಿದ್ದ. ಆಮೇಲೆ ಊರಿನ ಮುಖ್ಯಸ್ಥ, ಎಲ್ಲರೂ ಕಪಿತಾನ್ ಎನ್ನುವ ಮುದುಕ, ಕಾಗದಕ್ಕೆ ಸಹಿ ಹಾಕಿಸಿಕೊಂಡ: ಗಿರಾಕಿಯ ಮೇಲೆ ಇನ್ನೊಮ್ಮೆ ಕೈ ಎತ್ತಿದರೆ ಅಂಗಡಿಗೆ ಬೀಗ. ತಿಬುರ್ಸ್ಯೊನಿಗೂ ಹೆಂಡತಿ ಲುಮೆನ್‌ಗೂ ಆ ಅಂಗಡಿ ಬಿಟ್ಟರೆ ಬೇರೆ ಬದುಕಿರಲಿಲ್ಲ.

ಭಾನುವಾರ ಕೋಳಿ ಅಂಕ. ಸತ್ತ ಹುಂಜ ಗೆದ್ದವನಿಗೆ ಸೇರುವುದು ಕಟ್ಟಳೆ. ಗೆದ್ದವರು ಅದನ್ನು ಕಾಲು ಹಿಡಿದು ತೂಗಾಡಿಸುತ್ತ ತಿಬುರ್ಸ್ಯೊನ ಬಳಿ ತರುತ್ತಿದ್ದರು. ಅಂಕದ ಹುಂಜದ ಮಾಂಸ ಹಗ್ಗದ ಹಾಗೆ. ವಿನೆಗರ್, ಬೆಳ್ಳುಳ್ಳಿ, ಶುಂಠಿ ಹಾಕಿ ಎರಡು ಗಂಟೆ ಕುದಿಸಿದರೂ ಹಲ್ಲಿಗೆ ಕೆಲಸ. ಬೆಂದ ಮೇಲೆ ಅಂಗಡಿಯಲ್ಲಿ ಕೂತವರಿಗೆಲ್ಲ ಗೆದ್ದವನ ಹೆಸರಲ್ಲಿ ಒಂದೊಂದು ತುಂಡು. ಆ ಹುಂಜ ಸಾಕಿ ಸೋತವನಿಗೆ ಮಾತ್ರ ಬಡಿಸಬಾರದು. ಅವನು ಬಂದರೆ ಅಡುಗೆಯವನೇ ಆ ಪಾತ್ರೆಗೆ ಮುಚ್ಚಳ ಮುಚ್ಚಿ ಬೇರೆಯದನ್ನು ತೋರಿಸಬೇಕು.

ಆ ಭಾನುವಾರ ಮೂವರು ಗೆದ್ದು ಮೂರು ಹುಂಜ ತಂದರು. ಒಲೆ ಸಾಲದೆ ತಿಬುರ್ಸ್ಯೊ ಮೂರನ್ನೂ ಒಂದೇ ಪಾತ್ರೆಗೆ ಕಡಿದು ಹಾಕಿದ. ಯಾವುದು ಯಾರದೆಂಬುದು ಅಲ್ಲೇ ಮರೆತುಹೋಯಿತು. ಮಧ್ಯಾಹ್ನ ಹಸಿಂತೊ ಬಂದ. ಬಂದರಿನಲ್ಲಿ ಐಸು ಹೊರುವವನು, ಬೆಳಗ್ಗೆ ಸೋತವನು. ಆ ಪಾತ್ರೆಯತ್ತ ಸುಮ್ಮನೆ ಬೆರಳು ತೋರಿಸಿದ. ತಿಬುರ್ಸ್ಯೊ ತಲೆ ಎತ್ತದೆ ಬಡಿಸಿದ.

ಪಕ್ಕದ ಬೆಂಚಿನಲ್ಲಿ ಫೆರ್ಮಿನ್ ಇದ್ದ, ಹಸಿಂತೊನ ಹುಂಜವನ್ನು ಗೆದ್ದವನು. ಹಸಿಂತೊ ಮೂರು ತುತ್ತು ನುಂಗುವ ತನಕ ಕಾದ.

"ಮೆತ್ತಗಿದ್ಯೇನೋ ಹಸಿಂತೊ? ಎರಡ್ ವರ್ಷ ಮೊಟ್ಟೆ ತಿನ್ಸಿ ಸಾಕಿದೀಯಲ್ಲ, ರುಚಿ ಇರ್ಲೇಬೇಕು. ಹೆಂಡ್ತಿಗೂ ಅಷ್ಟು ಹಾಕಿಲ್ವಂತೆ ನೀನು."

ಹಸಿಂತೊನ ಬಾಯಿ ನಿಂತಿತು. ಬಾಯಲ್ಲಿದ್ದುದನ್ನು ಅಂಗೈಗೆ ಉಗಿದು ನೋಡಿದ. ಮುಂದಿನ ಕ್ಷಣ ಮಡಚುವ ಚೂರಿ ಬಿಚ್ಚಿಕೊಂಡಿತು. ಫೆರ್ಮಿನ್‌ನ ಕೆನ್ನೆ ತುಟಿಯಿಂದ ಕಿವಿಯವರೆಗೆ ಸೀಳಿತು. ರಕ್ತ ಅನ್ನದ ಮೇಲೆ ಬಿತ್ತು. ಎರಡನೆಯ ಏಟು ಕುತ್ತಿಗೆಗೆ ಬರುವಷ್ಟರಲ್ಲಿ ತಿಬುರ್ಸ್ಯೊ ನಡುವೆ ನುಗ್ಗಿ ಭುಜ ಕೊಟ್ಟ. ಚೂರಿ ಮೂಳೆಗೆ ತಾಗಿ ಜಾರಿ ಬಿತ್ತು.

"ಅವ್ನು ಆಡ್ಕೊಂಡ, ಸರಿ. ಬಡಿಸಿದ್ದು ಯಾರು? ನೀನು," ಎಂದ ಹಸಿಂತೊ.

"ನಾನೇ ಕಣೋ. ತಪ್ಪಾಯ್ತು."

ಆ ಮಾತು ಅವನ ಬಾಯಿಂದ ಹಿಂದೆಂದೂ ಬಂದಿರಲಿಲ್ಲ. ಹಸಿಂತೊ ಮುಷ್ಟಿಯಿಂದ ಮೂಗಿಗೆ ಗುದ್ದಿದ. ಮಾಂಸ ಕಡಿಯುವ ಕತ್ತಿ ಒಂದು ಮೊಳ ದೂರದಲ್ಲಿತ್ತು. ತಿಬುರ್ಸ್ಯೊನ ಬಲಗೈ ತಾನಾಗಿಯೇ ಅತ್ತ ಹೊರಟಿತು.

"ಕೈ," ಎಂದಳು ಲುಮೆನ್, ಒಲೆಯ ಹಿಂದಿನಿಂದ. "ಕೈ ನೋಡ್ಕೊ."

ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದು ಸೊಂಟದ ಬೆಲ್ಟಿಗೆ ಬೆರಳು ಸಿಕ್ಕಿಸಿಕೊಂಡ. ಹಸಿಂತೊ ಬೆಂಚೆತ್ತಿ ಮಂಡಿಗೆ ಹೊಡೆದ, ಬಿದ್ದವನ ಪಕ್ಕೆಗೂ ಬಾಯಿಗೂ ಒದ್ದ. ಒಂದು ಹಲ್ಲು ನೆಲಕ್ಕೆ ಬಿತ್ತು. ಫೆರ್ಮಿನ್ ಕೂಡ ಕೆನ್ನೆ ಒತ್ತಿಕೊಂಡೇ ಬಂದು, ಊಟ ಹಾಳಾದ ಸಿಟ್ಟಿಗೆ, ತಿಬುರ್ಸ್ಯೊನಿಗೇ ಎರಡು ಒದ್ದು ಹೋದ. ಉಣ್ಣುತ್ತಿದ್ದವರು ತಟ್ಟೆ ಎತ್ತಿಕೊಂಡು ಗೋಡೆಗೆ ಸರಿದರು. ಬಿಡಿಸಲು ಯಾರೂ ಬರಲಿಲ್ಲ.

ಕಪಿತಾನ್ ಬರುವಾಗ ಹಸಿಂತೊ ಬಾಗಿಲಲ್ಲಿ ಕೂತು ತನ್ನ ಹುಂಜದ ಹೆಸರು ಹೇಳಿ ಅಳುತ್ತಿದ್ದ. ಮುದುಕ ತಿಬುರ್ಸ್ಯೊನ ಕೈಗಳನ್ನು ಮುಂದಕ್ಕೆ ಎಳೆದು ಗೆಣ್ಣುಗಳನ್ನು ನೋಡಿದ. ತರಚಿದ್ದು ಒಂದೂ ಇರಲಿಲ್ಲ.

"ಇವನು ಹೊಡೆದ್ನಾ?"

"ಇಲ್ಲ ಕಪಿತಾನ್," ಎಂದ ಗೋಡೆಗೆ ಒರಗಿದ್ದವನೊಬ್ಬ. "ನಮಗೂ ನಂಬಿಕೆ ಬರ್ತಿಲ್ಲ."

"ಹಾಗಾದ್ರೆ ಬೀಗ ಇಲ್ಲ," ಎಂದು ಮುದುಕ ಹಸಿಂತೊನನ್ನು ಎಬ್ಬಿಸಿಕೊಂಡು ಹೋದ.

ಲುಮೆನ್ ಭುಜಕ್ಕೆ ಬಟ್ಟೆ ಕಟ್ಟಲು ಬಂದಳು. ತಿಬುರ್ಸ್ಯೊ ಅವಳನ್ನು ಸರಿಸಿ ಹಿತ್ತಿಲಿಗೆ ನಡೆದ. ಮರುದಿನಕ್ಕೆಂದು ತೂಗುಹಾಕಿದ್ದ ಹಂದಿಯ ತೊಡೆಯನ್ನು ಇಳಿಸಿ, ಕತ್ತಿ ಎತ್ತಿ, ಒಂದೇ ಸಮನೆ ಕಡಿಯತೊಡಗಿದ. ಮಾಂಸ ಮುದ್ದೆಯಾಯಿತು, ಮೂಳೆ ಪುಡಿಯಾಯಿತು, ಕತ್ತಿ ಕೊರಡಿಗೆ ಕಚ್ಚಿ ಕೊರಡು ಸೀಳಿತು. ಒಳಗೆ ಉಳಿದ ಗಿರಾಕಿಗಳು ಆ ಸದ್ದು ಕೇಳುತ್ತ, ಒಬ್ಬರ ಮುಖ ಒಬ್ಬರು ನೋಡದೆ, ಬೇಗಬೇಗ ಉಂಡರು.