ಬೇಕೆಂದೇ ಬರೆದ ತಪ್ಪು

ನನ್ನ ತಂಗಿ ಕಾಲೇಜಿನಲ್ಲಿ ಗಣಿತದ ಲೆಕ್ಚರರ್. ನಾನೋ ಏಳನೇ ಕ್ಲಾಸಿಗೇ ಪುಸ್ತಕಕ್ಕೆ ಕೈಮುಗಿದು ಸ್ಕೂಟರ್ ರಿಪೇರಿಗೆ ಕೂತವನು. ಅವಳ ಪಾಠದ ಬಗ್ಗೆ ಬರೆಯಲು ಇವನ್ಯಾರು ಅನ್ನುವವರು ಗ್ಯಾರೇಜಿಗೆ ಬಂದು ನನ್ನೆದುರಿಗೇ ಅನ್ನಲಿ, ನೋಡೋಣ.

ಲೆಕ್ಕ ಬಿಡಿಸುವಾಗ ಅವಳು ಎಲ್ಲೋ ಒಂದು ಕಡೆ ಬೇಕೆಂದೇ ತಪ್ಪು ಬರೆದು, ಏನೂ ಅರಿಯದವಳ ಹಾಗೆ ಮುಂದೆ ಸಾಗುತ್ತಾಳೆ. ಹಿಡಿದವರು ಎದ್ದು ಬಂದು, ಅವಳ ಕೈಯಿಂದ ಚಾಕ್ ಕಸಿದುಕೊಂಡು ತಿದ್ದಬೇಕು. ಅವಳ ಕ್ಲಾಸಿನಲ್ಲಿ ಯಾರೂ ತೂಕಡಿಸುವುದಿಲ್ಲ.

ಅಲ್ಲಿ ವರ್ಷಕ್ಕೆರಡು ಸಲ ಮೇಷ್ಟ್ರುಗಳಿಗೂ ಅಂಕ ಹಾಕುತ್ತಾರೆ, ಮೌಲ್ಯಮಾಪನ ಅಂತ. ಮೊದಲ ಸಲ ವಿಭಾಗದ ಮುಖ್ಯಸ್ಥರು ಹಿಂದಿನ ಬೆಂಚಿನಲ್ಲಿ ಕೂತರು. ಇವಳು ತಪ್ಪು ಬರೆದಳು. ಯಾರಾದರೂ ಹಿಡಿಯುವ ಮೊದಲೇ ಅವರಿಗೆ ಫೋನ್ ಬಂದು ಎದ್ದು ಹೋದರು. ಸಿಕ್ಕ ಷರಾ: ‘ವಿಷಯಜ್ಞಾನ ಸಾಲದು.’ ಹೋಗಿ ವಿವರಿಸಿದರೆ, “ಸಿಕ್ಕಿಬಿದ್ಮೇಲೆ ಎಲ್ರೂ ಹಿಂಗೇ ಹೇಳ್ತಾರಮ್ಮ” ಅಂದರಂತೆ.

ಅಂದಿನಿಂದ ಅವಳು ಪುಸ್ತಕದಲ್ಲಿದ್ದದ್ದನ್ನು ಬೋರ್ಡಿಗೆ ಇಳಿಸಿ ಮನೆಗೆ ಬರತೊಡಗಿದಳು. ಹುಡುಗರ ಸುದ್ದಿಯನ್ನೇ ಎತ್ತುತ್ತಿರಲಿಲ್ಲ.

“ನಾನೇ ಬಂದು ಆ ಮನುಷ್ಯನ ಗ್ರಹಚಾರ ಬಿಡಿಸ್ತೀನಿ,” ಎಂದು ಹಾರಾಡಿದೆ.

“ಅಣ್ಣಾ, ನೀನು ಬಂದ್ರೆ ಇರೋ ಕೆಲಸಾನೂ ಹೋಗುತ್ತೆ.”

ಎರಡನೇ ಸಲವೂ ಅಂಕ ಇಳಿದರೆ ಆ ತರಗತಿಯನ್ನೇ ಅವಳಿಂದ ಕಿತ್ತು ಬೇರೆಯವರಿಗೆ ಕೊಡುವವರಿದ್ದರು. ನನ್ನ ಹೆಂಡತಿ ಮೆಲ್ಲಗೆ ಹೇಳಿದಳು: “ಅವತ್ತೂ ಹಿಂಗೇ ಪುಸ್ತಕ ನೋಡಿ ಒಪ್ಪಿಸ್ಬಿಡೇ.”

“ಇಲ್ಲ ಅತ್ತಿಗೆ. ಹೆದರ್ಕೊಂಡು ಪಾಠ ಮಾಡಿ ಸಾಕಾಯ್ತು. ತಪ್ಪು ಬರೆದೇ ತೀರ್ತೀನಿ.”

ಬೆಲ್ ಹೊಡೆಯುವವರೆಗೂ ಏಳಬಾರದೆಂದು ಅವಳು ಮುಖ್ಯಸ್ಥರಿಂದ ಮಾತು ತೆಗೆದುಕೊಂಡಳು. ಬಾಯಿ ಬಿಡಬಾರದೆಂದು ನನ್ನಿಂದಲೂ. ಆ ದಿನ ಅವಳನ್ನು ಬಿಡಲು ಹೋದವನು ವರಾಂಡದ ಕಿಟಕಿಯ ಪಕ್ಕದಲ್ಲೇ ನಿಂತೆ.

ಬರೆದಳು. ಯಾರೂ ಉಸಿರೆತ್ತಲಿಲ್ಲ. ತಿಂಗಳುಗಟ್ಟಲೆ ಬರೀ ಸರಿಯಾದದ್ದನ್ನೇ ನಕಲು ಮಾಡಿ ಹುಡುಗರ ಕಣ್ಣು ಮೊಂಡಾಗಿತ್ತು. ಕೆಳಗೆ ಇನ್ನೊಂದು ಸಾಲು, ಮತ್ತೊಂದು ಸಾಲು. ಅವಳ ಕತ್ತಿನ ಮೇಲೆ ಬೆವರು. ತಪ್ಪು ಎಲ್ಲಿದೆಯೋ ನನಗೆಲ್ಲಿ ಗೊತ್ತು? ಗೊತ್ತಿದ್ದರೆ ಕಿಟಕಿಯಿಂದಲೇ ಕೂಗಿಬಿಡುತ್ತಿದ್ದೆ. ಮುಖ್ಯಸ್ಥರೇ ತಡೆಯಲಾರದೆ ಎದ್ದುನಿಂತರು.

“ಮೇಡಂ, ಆ ಮೈನಸ್ಸು...”

ಮುಂದಿನ ಬೆಂಚಿನ ಹುಡುಗಿ ಗಿರ್ರನೆ ತಿರುಗಿದಳು. “ಅಯ್ಯೋ ಸರ್, ಹೇಳ್ಬೇಡಿ! ಇವತ್ತು ತಪ್ಪಿದೆ ಕಣ್ರೋ!”

ಇಡೀ ಕ್ಲಾಸಿಗೆ ಜೀವ ಬಂತು. “ಮೂರನೇ ಸಾಲು!” “ಅಲ್ಲ ಕಣೋ ದಡ್ಡ, ಎರಡನೇದು!” ನಾಲ್ಕು ಜನ ಬೋರ್ಡಿಗೆ ನುಗ್ಗಿದರು, ಕಿತ್ತಾಟದಲ್ಲಿ ಚಾಕ್ ತುಂಡಾಯಿತು. ಆ ಹುಡುಗಿ ಬೆರಳಿನಲ್ಲೇ ಒರೆಸಿ ತಿದ್ದಿದಳು, ಯಾಕೆ ತಪ್ಪೆಂದು ಮುಖ್ಯಸ್ಥರ ಕಡೆ ತಿರುಗಿ ಪಾಠವನ್ನೂ ಮಾಡಿದಳು. ಮತ್ತೆ ಕೂತ ಮುಖ್ಯಸ್ಥರು ಬೆಲ್ ಹೊಡೆದರೂ ಏಳಲಿಲ್ಲ.

ಆಮೇಲೆ ವರಾಂಡಕ್ಕೆ ಬಂದು ತಂಗಿಗೆ ಹೇಳಿದರು: “ಅವತ್ತು ನಾನು ಎದ್ದು ಹೋಗಬಾರದಿತ್ತು. ಆ ಷರಾ ತೆಗೀತೀನಿ. ಈ ಕ್ಲಾಸು ನಿಮ್ದೇ. ಇನ್ಮೇಲೆ ಯಾರ ಕ್ಲಾಸಿಗೆ ಹೋದ್ರೂ ಪೂರ್ತಿ ಕೂರ್ತೀನಿ.”

ಅವರಿಗೆಂದು ಕಟ್ಟಿಟ್ಟಿದ್ದ ಬೈಗುಳವನ್ನೆಲ್ಲ ನುಂಗಿಕೊಂಡು ನಮಸ್ಕಾರ ಮಾಡಿದೆ.

ಒಳಗಿಂದ ಗಲಾಟೆ. “ಊಟಕ್ಕೆ ಹೋಗ್ರೋ!” ಎಂದು ತಂಗಿ ಗದರಿದಳು, ನಗು ಮಾತ್ರ ಮುಚ್ಚಿಡಲಾಗಲಿಲ್ಲ.

“ಇನ್ನೊಂದೇ ಒಂದು ಲೆಕ್ಕ, ಮೇಡಂ! ಈ ಸಲ ಕಷ್ಟದ ತಪ್ಪು ಹಾಕಿ!”

ಅವಳು ಸೆರಗು ಸಿಕ್ಕಿಸಿಕೊಂಡು ಹೊಸ ಚಾಕ್ ಎತ್ತಿಕೊಂಡಳು.