ಸಕ್ಕರೆ ಹಾಕದ ವೈನ್

ಶಿರ್ವದಲ್ಲಿ ನಮ್ಮ ಇಗರ್ಜಿಯ ಸುತ್ತಮುತ್ತ ಕ್ರಿಸ್ಮಸ್ ವೈನ್ ಎಂದರೆ ನನ್ನ ಅತ್ತೆಯದ್ದೇ. ಉಡುಪಿ ಮಾರ್ಕೆಟಿನ ಕಪ್ಪು ದ್ರಾಕ್ಷಿ, ದ್ರಾಕ್ಷಿಯಷ್ಟೇ ತೂಕದ ಸಕ್ಕರೆ, ಒಂದು ಹಿಡಿ ಗೋಧಿ, ನಾಲ್ಕು ಲವಂಗ. ಭರಣಿಯ ಬಾಯಿಗೆ ಬಟ್ಟೆ ಕಟ್ಟಿದ ಮೇಲೆ ಅದನ್ನು ಮುಟ್ಟುವ ಹಕ್ಕು ಅವರೊಬ್ಬರಿಗೆ. ಮದುವೆಯಾಗಿ ಆರು ವರ್ಷ ಕಳೆದಿದ್ದರೂ ನಾನು ಅದರೊಳಗೆ ಸೌಟು ಹಾಕಿರಲಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ, ಹಡಗಿನಲ್ಲಿ ಅಡುಗೆಯವರಾಗಿದ್ದ ನನ್ನ ಗಂಡ ಊರಿಗೆ ಬರುವ ಗೆಳೆಯನ ಕೈಯಲ್ಲಿ ಒಂದು ಬಾಟಲಿ ಕಳುಹಿಸಿದರು. ಜೊತೆಗೊಂದು ಪತ್ರ. ಹಡಗಿನ ಇಂಜಿನಿಯರ್ ಇಟಲಿಯವನು. ಅವನ ಮನೆಯವರೇ ಸೇರಿ ತಮ್ಮ ತೋಟದ ದ್ರಾಕ್ಷಿಯಿಂದ ಕೆಂಪು ವೈನ್ ಮಾಡುತ್ತಾರಂತೆ. ಹಡಗು ಅಲ್ಲಿಯ ಬಂದರಿನಲ್ಲಿದ್ದಾಗ ಅವನ ಮನೆಗೆ ಊಟಕ್ಕೆ ಹೋದ ಇವರು ಸುಮ್ಮನಿರದೆ, ನನ್ನ ಅಮ್ಮನೂ ಮಾಡುತ್ತಾರೆ ಎಂದು ಜಂಭ ಕೊಚ್ಚಿಕೊಂಡಿದ್ದರು. ಮನೆಯ ಮುದುಕ ಎದ್ದು ಹೋಗಿ ಹಳೆಯ ಬಾಟಲಿಯೊಂದನ್ನು ತಂದುಕೊಟ್ಟು, ಹೇಗಿದೆ ಎಂದು ನಿನ್ನ ಅಮ್ಮನೇ ನಿಜ ಹೇಳಲಿ ಎಂದನಂತೆ. ಅಮ್ಮ ಹೇಳಿದ್ದನ್ನು ಹಾಗೆಯೇ ಬರೆ, ನನ್ನ ಮರ್ಯಾದೆಯ ಪ್ರಶ್ನೆ ಎಂದು ಪತ್ರದ ಕೊನೆಗಿತ್ತು.

ಕ್ರಿಸ್ಮಸ್ ದಿನ ಇಗರ್ಜಿಯಲ್ಲಿ ಬೆಳಗಿನ ಪೂಜೆ ಮುಗಿಸಿ ಬಂದು, ಬಿರಡೆಗೆ ಸ್ಕ್ರೂ ತಿರುಗಿಸಿ ಇಕ್ಕಳದಿಂದ ಎಳೆದೆ. ಅತ್ತೆ ಒಂದು ಗುಟುಕು ಕುಡಿದು ಮುಖ ಹಿಂಡಿದರು.

"ಹುಳಿ ಬಂದಿದೆ. ದಾರಿಯಲ್ಲಿ ಹಾಳಾಗಿದೆ, ಪಾಪ."

ನಾನು ಸೀರೆ ಬದಲಿಸಿ ಬರುವಷ್ಟರಲ್ಲಿ ಅರ್ಧ ಬಾಟಲಿ ಒಲೆಯ ಮೇಲಿದ್ದ ಹಂದಿಮಾಂಸದ ಪಾತ್ರೆಗೆ ಬಿದ್ದಿತ್ತು. ನಮ್ಮಲ್ಲಿ ಹಂದಿಗೆ ವಿನೆಗರ್ ಬೇಕೇ ಬೇಕು. ಹುಳಿ ಬಂದ ವೈನ್ ಅಲ್ಲಿಗೇ ಹೋಗುವುದು ವಾಡಿಕೆ. ನಾನು ಬಾಟಲಿ ಕಿತ್ತುಕೊಂಡೆ. ಅತ್ತೆಯ ಕೈಯಿಂದ ನಾನು ಏನನ್ನಾದರೂ ಕಿತ್ತುಕೊಂಡದ್ದು ಅದೇ ಮೊದಲು. ಹಾಳಾದ ವೈನ್ ಮೂಗಿಗೆ ಹೊಡೆಯುತ್ತದೆ, ಇದು ಹೊಡೆಯುತ್ತಿರಲಿಲ್ಲ.

"ಹಾಳಾಗಿಲ್ಲ ಮಾಂಯ್. ಅವರು ಸಕ್ಕರೆ ಹಾಕುವುದಿಲ್ಲ ಅಂತ ಕಾಣ್ತದೆ."

"ಸಕ್ಕರೆ ಹಾಕದೆ ಎಂತ ವೈನ್?"

ನನಗೆ ಹಟ ಬಂತು. ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು ಕುಡಿದೆ. ಮೊದಲ ಗುಟುಕಿಗೆ ಗೇರುಹಣ್ಣು ಕಚ್ಚಿದ ಹಾಗೆ ನಾಲಿಗೆ ಒಗರಾಯಿತು. ಎರಡನೆಯದೂ ಅಷ್ಟೇ. ಆ ಮುದುಕ ಇದನ್ನು ಇಷ್ಟು ವರ್ಷ ಸುಮ್ಮನೆ ಕಾಪಾಡಿರಲಾರ ಎಂದು ಬಾಟಲಿಯನ್ನು ಊಟದ ಮೇಜಿಗೇ ತಂದಿಟ್ಟೆ. ಕೊಬ್ಬಿದ್ದ ಒಂದು ತುಂಡು ಹಂದಿಮಾಂಸ ತಿಂದು ಮತ್ತೆ ಕುಡಿದೆ. ಒಗರು ಎಲ್ಲಿಗೋ ಹೋಗಿ, ದ್ರಾಕ್ಷಿಯ ಸಿಪ್ಪೆಯ ರುಚಿ, ಅದರ ಹಿಂದೆ ಚೂರು ಕಾಳುಮೆಣಸು, ನುಂಗಿದ ಮೇಲೂ ಬಾಯಲ್ಲಿ ನಿಂತಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಮೇಜು ಕುಟ್ಟಿದೆ.

ಅತ್ತೆಯ ಲೋಟಕ್ಕೂ ಸುರಿದೆ. "ಒಂದು ತುಂಡು ತಿಂದು ಕುಡಿಯಿರಿ."

"ನನಗೆ ಬೇಡ."

"ನೀವು ಕುಡಿಯದೆ ನಾನು ಪತ್ರ ಬರೆಯುವುದಿಲ್ಲ. ಅಮ್ಮ ವೈನ್ ಮಾಡ್ತಾರೆ ಅಂದ ನಿಮ್ಮ ಮಗ ಅಲ್ಲಿ ಸುಳ್ಳುಗಾರ ಆಗ್ತಾರೆ, ಆಗಲಿ."

ಅವರು ನನ್ನನ್ನು ದುರುಗುಟ್ಟಿ ನೋಡಿದರು. ತಿಂದರು, ಕುಡಿದರು. ಮತ್ತೊಂದು ತುಂಡು ತಿಂದು, ಈ ಸಲ ನಾನು ಹೇಳದೆಯೇ ಕುಡಿದರು. ಕೊನೆಗೆ ಕೈ ತೊಳೆದು ಬಂದು ಕುಳಿತರು.

"ಬರೆ. ತುಂಬಾ ಒಳ್ಳೆಯದುಂಟು. ನನಗೆ ಹೀಗೆ ಮಾಡ್ಲಿಕ್ಕೆ ಗೊತ್ತಿಲ್ಲ. ನಾನು ಇಷ್ಟು ವರ್ಷ ಸಕ್ಕರೆಯ ರುಚಿಯನ್ನೇ ಕೊಟ್ಟದ್ದು."

ಊರೆಲ್ಲ ಹೊಗಳುವ ಕೈ ಅದು. ನನಗೆ ಗೆದ್ದ ಸಂತೋಷ ಉಳಿಯಲಿಲ್ಲ.

"ಹಂದಿಗೆ ಹಾಕಿದ್ದು ಬರೆಯುವುದು ಬೇಡ ಅಲ್ವಾ ಮಾಂಯ್?"

"ಅದನ್ನೇ ಮೊದಲು ಬರೆ. ಅವರು ನಿಜವನ್ನೇ ಕೇಳಿದ್ದಲ್ವಾ?"

ಬರೆದೆ, ಒಂದಕ್ಷರ ಬಿಡದೆ.

ಮರುವರ್ಷ ದ್ರಾಕ್ಷಿ ಬಂದಾಗ ಅತ್ತೆ ಭರಣಿ ತೊಳೆದು ಒಣಗಿಸಿ, ಸಕ್ಕರೆ ಡಬ್ಬವನ್ನು ನನ್ನ ಕೈಗಿಟ್ಟರು.

"ಎಷ್ಟು ಹಾಕಬೇಕು, ನೀನೇ ಹೇಳು."