ಬಿಸಿಲೇರದ ಕಡೆಯ ಗಾಳಿ

ಅಂಕೋಲೆಯ ನಮ್ಮ ಗದ್ದೆಬಯಲಿಗೆ ಚಳಿಗಾಲದ ಬೆಳಗಿನ ಗಾಳಿ ಸುಂಕಸಾಳದ ಕಡೆಯಿಂದ ಘಟ್ಟ ಇಳಿದು ಬರುತ್ತದೆ. ಅಜ್ಜಿ ಅದಕ್ಕೇ ಕಾದು ಭತ್ತ ತೂರುತ್ತಿದ್ದಳು. ಬಿಸಿಲೇರಿದರೆ ಗಾಳಿ ನಿಲ್ಲುತ್ತದೆ, ಅಷ್ಟರೊಳಗೆ ತೂರಿ ಮುಗಿಸಿ ಗೆರಸಿ ಕೆಳಗಿಡಬೇಕು. ಅವಳಿಗೆ ಗೊತ್ತಿದ್ದ ನಿಯಮ ಅದು. ಇಲ್ಲಿಯ ಮಟ್ಟಿಗೆ ತಪ್ಪೂ ಅಲ್ಲ.

ಅವಳ ಒಬ್ಬನೇ ಮಗ, ನನ್ನ ಮಾವ, ಕದ್ರಾದಲ್ಲಿ ವಿದ್ಯುತ್ ಕೆಲಸ ಕಲಿತವನು. ಅಂಟಾರ್ಕ್ಟಿಕಾದ ಕರಾವಳಿಯ ಒಂದು ಠಾಣೆಗೆ, ಜನರೇಟರ್ ನೋಡಿಕೊಳ್ಳಲು, ವರ್ಷದ ಮಟ್ಟಿಗೆ ಹೋಗಿದ್ದ. ಜೂನ್ ತಿಂಗಳಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ್ದು ಅವಳಿಗೂ ತಿಳಿದಿತ್ತು. ಮಗ ಯಾಕೆ ಹೊರಟಿಲ್ಲ ಎಂದು ನನ್ನನ್ನು ಕೇಳಿದಳು. ಮನೆಯಲ್ಲಿ ಭೂಗೋಳ ಓದಿದವಳು ನಾನೊಬ್ಬಳೇ.

ಗಾಳಿ ಎಂದೆ. ಒಳನಾಡಿನ ಮಂಜುಗಡ್ಡೆಯ ಮೇಲೆ ತಣ್ಣಗಾದ ಗಾಳಿ ಭಾರವಾಗಿ, ಇಳಿಜಾರಿನಲ್ಲಿ ನೀರಿನ ಹಾಗೆ ಸಮುದ್ರದ ಕಡೆ ಹರಿಯುತ್ತದೆ. ಕಣಿವೆ ಸಿಕ್ಕಲ್ಲಿ ಒತ್ತೊತ್ತಾಗಿ ರಭಸ ಹೆಚ್ಚುತ್ತದೆ. ಮೇಲೆ ಆಕಾಶ ತಿಳಿಯಾಗಿದ್ದರೂ ನೆಲದ ಹಿಮವೆದ್ದು ಎದುರಿನ ಮನುಷ್ಯ ಕಾಣುವುದಿಲ್ಲ.

"ಘಟ್ಟದ ಗಾಳಿನೇ ಅಲ್ದೇನೆ ಅದು? ಮೊದ್ಲೇ ಹೇಳಿದ್ರೆ ನಾಕ್ ಚೀಲ ಭತ್ತ ಕಳಸ್ತಿದ್ದೆ, ತೂರ್ಕಂಡ್ ಬರ್ತಿದ್ದ." ನಕ್ಕು ಕೆಮ್ಮಿದಳು. "ಬಿಸ್ಲು ಏರ್ಲಿ. ನಿಲ್ತದೆ."

ಅಲ್ಲಿ ಈಗ ಚಳಿಗಾಲ, ವಾರಗಟ್ಟಲೆ ಸೂರ್ಯನೇ ಹುಟ್ಟುವುದಿಲ್ಲ, ಗಾಳಿ ನಡುನಡುವೆ ನಿಂತರೂ ಚಳಿಗಾಲ ಕಳೆಯುವವರೆಗೆ ವಿಮಾನವಿಲ್ಲ ಎಂದು ನಾನು ಹೇಳಲಿಲ್ಲ. ದಿನಾ ಬೆಳಿಗ್ಗೆ ಕೇಳುತ್ತಿದ್ದಳು, "ಗಾಳಿ ಕಮ್ಮಿ ಆಯ್ತೇನೆ?" ನಾಳೆ ಆಗಬಹುದು ಎನ್ನುತ್ತಿದ್ದೆ.

ಮಾವ ಫೋನು ಮಾಡಿದಾಗಲೆಲ್ಲ ಅವಳದು ಒಂದೇ ಮಾತು. "ನಿಂಗೊಂದು ಹೇಳೂದದೆ. ಬಂದ್ಮೇಲೆ ಹೇಳ್ತೆ. ಫೋನಲ್ಲಿ ಹೇಳೂದಲ್ಲ ಅದು."

ಹಾಸಿಗೆ ಹಿಡಿದ ಹನ್ನೆರಡನೆಯ ದಿನ, ಮಳೆ ಹಿಡಿದಿದ್ದಾಗ, ಹೋದಳು. ನಾನೇ ಮಾವನಿಗೆ ತಿಳಿಸಿದೆ.

"ನಂಗೆ ಬರೂಕಾಗೂದಿಲ್ಲ ಅಂತ ಅವ್ವಿಗೆ ಗೊತ್ತಿತ್ತಲ್ಲ?"

"ಇಲ್ಲ ಮಾವ. ನಾನು ಹೇಳ್ಲಿಲ್ಲ."

"ಬಂದ್ಮೇಲೆ ಅಂದ್ರೆ, ವರ್ಷ ಕಳ್ದು ಬಂದ್ಮೇಲೆ ಅಂತ ಮಾಡಿದ್ದೆ ನಾನು. ಏನೋ ಬಾಯಿಮಾತು ಅಂತ. ಅವ್ವಿಗೆ ಗೊತ್ತಿದ್ರೆ ಫೋನಲ್ಲೇ ಹೇಳ್ತಿತ್ತು."

ಬೈಯಲಿಲ್ಲ. ಊರಿಗೆ ಬಂದ ಮೇಲೆ ಮಾತ್ರ ಎರಡು ಸಲ ಕೇಳಿದ, ಅದು ಯಾವುದರ ವಿಷಯ ಅಂತಾದರೂ ಅವ್ವಿ ಅಂದಿತ್ತೇ ಎಂದು. ಆ ದಿನಗಳಲ್ಲೆಲ್ಲ ನಾನು ಅವಳ ಪಕ್ಕದಲ್ಲೇ ಇದ್ದೆ, ಗಂಜಿ ಕುಡಿಸುತ್ತ, ಮಗ್ಗುಲು ಬದಲಿಸುತ್ತ. ಕೇಳಿದ್ದರೆ ನನಗಾದರೂ ಹೇಳುತ್ತಿದ್ದಳೇನೋ. ಅವರಿಬ್ಬರ ಮಾತು ಎಂದು ನಾನು ಕೇಳಿರಲಿಲ್ಲ.